ಬ್ರಸೆಲ್ಸ್‌ನ ಕಾನೂನು, ನಮ್ಮ ಜಿಲ್ಲೆಯ ಬೆಳೆ: ಮೂಲ ಪಠ್ಯ ಹುಡುಕೋದು ಹೇಗೆ?

ಹಾಸನ ಜಿಲ್ಲೆಯ ಮೂರು ಬೆಳೆ ತಗೊಳ್ಳಿ. ಸಕಲೇಶಪುರ, ಬೇಲೂರು, ಆಲೂರು ಕಡೆಯ ಕಾಫಿ. ಅರಕಲಗೂಡು ಕಡೆಯ ಹೊಗೆಸೊಪ್ಪು. ಕಂಪನಿಗಳ ಜೊತೆ ಕರಾರು ಮಾಡಿಕೊಂಡು ಬೆಳೆಯೋ ಮಿಡಿಸೌತೆ, ಅಂದ್ರೆ ಉಪ್ಪಿನಕಾಯಿಗೆ ಹಾಕಿ ಹೊರದೇಶಕ್ಕೆ ಕಳಿಸೋ ಗರ್ಕಿನ್. ಮೂರೂ ಬೇರೆ ಬೇರೆ ಮಣ್ಣಿನ ಬೆಳೆಗಳು. ಆದರೆ ಒಂದು ವಿಷಯದಲ್ಲಿ ಮೂರೂ ಒಂದೇ: ಬೆಳೆಯೋದು ಇಲ್ಲಿ, ಅದರ ಮೇಲೆ ಪರಿಣಾಮ ಬೀರೋ ನಿಯಮಗಳನ್ನ ಬರೆಯೋದು ಬ್ರಸೆಲ್ಸ್‌ನಲ್ಲಿ ಅಥವಾ ಜಿನೀವಾದಲ್ಲಿ.

ನಮ್ಮ ಕಾಲೇಜಿಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ದಿನಾ ಓಡಾಡೋರು ಬಹಳ ಜನ. ಎಷ್ಟೋ ಜನರ ಮನೆಯಲ್ಲಿ ಜಮೀನಿದೆ. ವಾಟ್ಸಾಪ್‌ನಲ್ಲಿ "ಯುರೋಪಿನಲ್ಲಿ ನಮ್ಮ ಕಾಫಿ ಬ್ಯಾನ್ ಅಂತೆ", "ಹೊಗೆಸೊಪ್ಪು ಬೆಳೆಯೋದೇ ನಿಲ್ಲಿಸಬೇಕಂತೆ" ಅನ್ನೋ ಫಾರ್ವರ್ಡ್ ಬಂದಾಗ ಮನೆಯವರು ನಮ್ಮ ಕೈಗೇ ಫೋನ್ ಕೊಟ್ಟು "ಇದೇನು ನೋಡಪ್ಪ, ನಿಜಾನಾ?" ಅಂತಾರೆ. ಆಗ ಗೂಗಲ್ ಮಾಡಿದರೆ ಹತ್ತು ಸುದ್ದಿ ಸಿಗುತ್ತೆ, ಹತ್ತರಲ್ಲೂ ಬೇರೆ ಬೇರೆ ದಿನಾಂಕ. ಗಿಡ ಕೀಳಬೇಕಾ, ಸಾಲ ಮಾಡಬೇಕಾ, ಈ ಸಲ ಬೇರೆ ಬೆಳೆ ಹಾಕಬೇಕಾ ಅನ್ನೋ ತೀರ್ಮಾನ ಅಂಥ ಸುದ್ದಿಯ ಮೇಲೆ ನಿಲ್ಲಬಾರದು.

ಈ ಪಾಠದ ಸಾರ ಇಷ್ಟೇ. ಕಾನೂನಿನ ಬಗ್ಗೆ ಯಾರು ಏನಂದ್ರು ಅನ್ನೋದಕ್ಕಿಂತ ಮೊದಲು ಕಾನೂನನ್ನೇ ತೆರೆಯಿರಿ, ಮತ್ತು ಯಾವ ದಿನಾಂಕದ ಆವೃತ್ತಿ ಅಂತ ನೋಡಿ. ಇದಕ್ಕೆ ಬೇಕಾದ ತಾಣಗಳೆಲ್ಲ ಉಚಿತ, ಲಾಗಿನ್ ಕೂಡ ಬೇಡ.

1. ರಾಷ್ಟ್ರಾತೀತ ಕಾನೂನು ಅಂದ್ರೆ ಏನು?

ಎರಡು ಪದಗಳನ್ನ ಮೊದಲು ಬೇರೆ ಮಾಡ್ಕೊಳ್ಳೋಣ.

ಅಂತರರಾಷ್ಟ್ರೀಯ ಕಾನೂನು ಅಂದ್ರೆ ದೇಶ ದೇಶಗಳ ನಡುವಿನ ಒಪ್ಪಂದ. ಒಂದು ದೇಶ ಸಹಿ ಹಾಕಿ, ಸ್ಥಿರೀಕರಿಸಿ, ಆಮೇಲೆ ಸಾಮಾನ್ಯವಾಗಿ ತನ್ನದೇ ಕಾನೂನಿನ ಮೂಲಕ ಅದನ್ನ ಜಾರಿ ಮಾಡುತ್ತೆ. ಭಾರತದಲ್ಲಿ ಇಂಥ ಕಾನೂನು ಮಾಡೋ ಅಧಿಕಾರವನ್ನ ಸಂವಿಧಾನದ 253ನೇ ವಿಧಿ ಸಂಸತ್ತಿಗೆ ಕೊಟ್ಟಿದೆ.

ರಾಷ್ಟ್ರಾತೀತ ಕಾನೂನು, ಇಂಗ್ಲಿಷಿನಲ್ಲಿ ಸುಪ್ರಾನ್ಯಾಷನಲ್ ಅನ್ನೋದು, ಒಂದು ಹೆಜ್ಜೆ ಮುಂದೆ. ದೇಶಗಳು ತಮ್ಮ ಅಧಿಕಾರದ ಒಂದು ಭಾಗವನ್ನ ಮೇಲಿನ ಸಂಸ್ಥೆಗೆ ಕೊಟ್ಟಿರುತ್ತವೆ, ಆ ಸಂಸ್ಥೆ ಮಾಡಿದ ಕಾನೂನು ನೇರವಾಗಿ ಅನ್ವಯವಾಗುತ್ತೆ. ಇದಕ್ಕೆ ದೊಡ್ಡ ಉದಾಹರಣೆ ಐರೋಪ್ಯ ಒಕ್ಕೂಟ, 27 ಸದಸ್ಯ ದೇಶಗಳು. ಅದರ ನ್ಯಾಯಾಲಯ 1963ರ ವಾನ್ ಗೆಂಡ್ ಎನ್ ಲೂಸ್ ತೀರ್ಪಿನಲ್ಲಿ ಒಕ್ಕೂಟದ ಕಾನೂನನ್ನ ಪ್ರಜೆಗಳೇ ನೇರವಾಗಿ ಕೋರ್ಟಿನಲ್ಲಿ ಬಳಸಬಹುದು ಅಂತ ಹೇಳಿತು. 1964ರ ಕೋಸ್ಟಾ ತೀರ್ಪಿನಲ್ಲಿ ದೇಶದ ಕಾನೂನಿಗೂ ಒಕ್ಕೂಟದ ಕಾನೂನಿಗೂ ತಿಕ್ಕಾಟ ಬಂದರೆ ಒಕ್ಕೂಟದ್ದೇ ಮೇಲು ಅಂತ ಹೇಳಿತು. ಇಂಥ ತೀರ್ಪುಗಳೆಲ್ಲ ಆ ನ್ಯಾಯಾಲಯದ ಕ್ಯೂರಿಯಾ ತಾಣದಲ್ಲಿ ಕೇಸ್ ನಂಬರ್ ಹಾಕಿದರೆ ಸಿಗುತ್ತವೆ. ಕೋಸ್ಟಾ ಕೇಸಿನ ನಂಬರ್ 6/64, ಅಂದ್ರೆ 1964ರ ಆರನೇ ಕೇಸು.

ಒಕ್ಕೂಟದ ಕಾನೂನುಗಳಲ್ಲಿ ಎರಡು ಜಾತಿ ನೆನಪಿಟ್ಟುಕೊಂಡರೆ ಸಾಕು. ರೆಗ್ಯುಲೇಷನ್ ಅಂದ್ರೆ ಎಲ್ಲ ಸದಸ್ಯ ದೇಶಗಳಲ್ಲೂ ಇದ್ದ ಹಾಗೇ ಜಾರಿ. ಡೈರೆಕ್ಟಿವ್ ಅಂದ್ರೆ ಗುರಿ ಒಕ್ಕೂಟದ್ದು, ಅದನ್ನ ಮುಟ್ಟೋ ಕಾನೂನನ್ನ ಪ್ರತಿ ದೇಶವೂ ತಾನೇ ಬರೆದುಕೊಳ್ಳಬೇಕು. ನಮ್ಮ ಕಾಫಿಗೂ ಮಿಡಿಸೌತೆಗೂ ಸಂಬಂಧಪಟ್ಟಿದ್ದು ರೆಗ್ಯುಲೇಷನ್.

ಭಾರತ ಐರೋಪ್ಯ ಒಕ್ಕೂಟದ ಸದಸ್ಯ ಅಲ್ಲ, ನಮಗೆ ಹೇಗೆ ತಟ್ಟುತ್ತೆ ಅಂತ ಕೇಳಬಹುದು. ಸಕಲೇಶಪುರದ ಬೆಳೆಗಾರರಿಗೆ ಬ್ರಸೆಲ್ಸ್‌ನಿಂದ ನೋಟಿಸ್ ಬರೋದಿಲ್ಲ. ಕಾನೂನು ಕಟ್ಟಿಹಾಕೋದು ಆ ಮಾರುಕಟ್ಟೆಗೆ ಸರಕು ಇಳಿಸೋ ಕಂಪನಿಯನ್ನ. ಆ ಕಂಪನಿ ರಫ್ತುದಾರರನ್ನ ಕೇಳುತ್ತೆ, ರಫ್ತುದಾರರು ವ್ಯಾಪಾರಿಯನ್ನ, ವ್ಯಾಪಾರಿ ಬೆಳೆಗಾರರನ್ನ. ಕಾನೂನು ಹೀಗೆ ಕೈಯಿಂದ ಕೈಗೆ ಇಳಿದು ತೋಟದ ಗೇಟಿಗೆ ಬರುವಾಗ ಅದರಲ್ಲಿ ಇಲ್ಲದ್ದೂ ಸೇರಿಕೊಳ್ಳಬಹುದು. ಅದಕ್ಕೇ ಮೂಲ ನೋಡಬೇಕು.

2. ಯೂರ್-ಲೆಕ್ಸ್: ಒಕ್ಕೂಟದ ಕಾನೂನಿನ ಬೀರು

ಐರೋಪ್ಯ ಒಕ್ಕೂಟದ ಎಲ್ಲ ಕಾನೂನೂ ಇರೋ ಅಧಿಕೃತ ತಾಣದ ಹೆಸರು ಯೂರ್-ಲೆಕ್ಸ್. 24 ಅಧಿಕೃತ ಭಾಷೆಗಳಲ್ಲಿ ಇರುತ್ತೆ, ನಮಗೆ ಇಂಗ್ಲಿಷ್ ಸಾಕು.

ಅಲ್ಲಿ ಪ್ರತಿ ದಾಖಲೆಗೂ ಸೆಲೆಕ್ಸ್ ನಂಬರ್ ಅಂತ ಒಂದು ಇರುತ್ತೆ, ನಮ್ಮ ಯುಎಸ್ಎನ್ ಇದ್ದ ಹಾಗೆ. ಯುಎಸ್ಎನ್ ನೋಡಿದರೆ ಯಾವ ಕಾಲೇಜು, ಯಾವ ವರ್ಷ, ಯಾವ ಬ್ರಾಂಚ್ ಅಂತ ಗೊತ್ತಾಗುತ್ತಲ್ಲ, ಇದೂ ಹಾಗೇ. ಕಾಫಿಗೆ ಸಂಬಂಧಪಟ್ಟ ಅರಣ್ಯನಾಶ ತಡೆ ರೆಗ್ಯುಲೇಷನ್ನಿನ ನಂಬರ್ 32023ಆರ್1115. ಮೊದಲ 3 ಅಂದ್ರೆ ಅದು ಶಾಸನ. 2023 ವರ್ಷ. ಆರ್ ಅಂದ್ರೆ ರೆಗ್ಯುಲೇಷನ್. ಡೈರೆಕ್ಟಿವ್ ಆಗಿದ್ದರೆ ಅಲ್ಲಿ ಎಲ್ ಇರುತ್ತಿತ್ತು. 1115 ಆ ವರ್ಷದ ಕ್ರಮಸಂಖ್ಯೆ. ಸರ್ಚ್ ಮಾಡುವಾಗ ಆರ್ ಅನ್ನ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಟೈಪ್ ಮಾಡಿ.

ದಾಖಲೆ ತೆರೆದ ಮೇಲೆ ಮೂರು ಭಾಗ ಕಾಣುತ್ತೆ:

- ಪೀಠಿಕೆಯ ಪ್ಯಾರಾಗಳು: ಈ ಕಾನೂನು ಯಾಕೆ ಬಂತು ಅನ್ನೋ ವಿವರಣೆ. ಅರ್ಥ ಮಾಡಿಕೊಳ್ಳೋಕೆ ಸಹಾಯ, ಆದರೆ ಹೊಣೆ ಹೊರಿಸೋ ನಿಯಮ ಇಲ್ಲಿರಲ್ಲ.
- ವಿಧಿಗಳು: ನಿಜವಾದ ನಿಯಮ ಇಲ್ಲಿ. 2ನೇ ವಿಧಿಯಲ್ಲೋ ಅದರ ಆಸುಪಾಸಿನಲ್ಲೋ ವ್ಯಾಖ್ಯೆಗಳು ಇರುತ್ತವೆ. ಅದನ್ನ ಬಿಟ್ಟು ಮುಂದೆ ಹೋಗಬೇಡಿ.
- ಅನುಬಂಧಗಳು: ಪಟ್ಟಿ, ಕೋಡ್, ಅಂಕಿಗಳು.

ಇನ್ನು ಮುಖ್ಯವಾದದ್ದು ಆವೃತ್ತಿ. ಸಿವಿಲ್‌ನವರಿಗೆ ಗೊತ್ತು, ಐಎಸ್ 456 ಅಂತ ಹೇಳಿದರೆ ಸಾಲದು, 2000ದ ಆವೃತ್ತಿ, ಅದರ ತಿದ್ದುಪಡಿಗಳು ಅಂತ ನೋಡಬೇಕು. ಎಲೆಕ್ಟ್ರಾನಿಕ್ಸ್‌ನವರು ಡೇಟಾಶೀಟಿನ ರಿವಿಷನ್ ನೋಡ್ತಾರೆ. ಕಾನೂನಿಗೂ ಇದೇ ಶಿಸ್ತು. ಮೂಲ ಪಠ್ಯದಲ್ಲಿ ಆಮೇಲಿನ ತಿದ್ದುಪಡಿಗಳು ಕಾಣಲ್ಲ. ತಿದ್ದುಪಡಿ ಎಲ್ಲ ಸೇರಿಸಿದ ಕ್ರೋಡೀಕೃತ ಆವೃತ್ತಿ ಬೇರೆ ಇರುತ್ತೆ. ಅದರ ಸೆಲೆಕ್ಸ್ ನಂಬರ್ 0 ಇಂದ ಶುರುವಾಗಿ ಕೊನೆಯಲ್ಲಿ ಒಂದು ದಿನಾಂಕ ಇರುತ್ತೆ. ಓದೋಕೆ ಇದನ್ನೇ ಬಳಸಿ. ಆದರೆ ಕಾನೂನಿನ ದೃಷ್ಟಿಯಲ್ಲಿ ಅಧಿಕೃತ ಅನ್ನಿಸೋದು ಒಕ್ಕೂಟದ ಗೆಜೆಟ್ಟಿನಲ್ಲಿ, ಅಂದ್ರೆ ಅಫೀಶಿಯಲ್ ಜರ್ನಲ್‌ನಲ್ಲಿ ಅಚ್ಚಾದ ಪಠ್ಯ ಮಾತ್ರ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಉಲ್ಲೇಖ ಕೊಡುವಾಗ ಮೂಲದ ನಂಬರನ್ನೂ ತಿದ್ದುಪಡಿಯ ನಂಬರನ್ನೂ ಕೊಡಿ.

3. ಕಾಫಿ: ವ್ಯಾಖ್ಯೆ ಓದಿದರೆ ಅರ್ಧ ಭಯ ಹೋಗುತ್ತೆ

ಈಗ 2023/1115 ತೆರೆದುಕೊಂಡು ಒಂದು ಫಾರ್ವರ್ಡ್ ಪರೀಕ್ಷೆ ಮಾಡೋಣ.

"ಕಾಫಿ ಬ್ಯಾನ್" ಅನ್ನೋದು ನಿಜಾನಾ? 3ನೇ ವಿಧಿ ನೋಡಿ. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಈ ಏಳು ಸರಕು ಮತ್ತು ಅವುಗಳ ಉತ್ಪನ್ನಗಳಿಗೆ ಮೂರು ಷರತ್ತು. ಒಂದು, ಅರಣ್ಯನಾಶ ಮಾಡದ ಜಮೀನಿನಲ್ಲಿ ಬೆಳೆದಿರಬೇಕು. ಎರಡು, ಬೆಳೆದ ದೇಶದ ಕಾನೂನಿನ ಪ್ರಕಾರ ಬೆಳೆದಿರಬೇಕು. ಮೂರು, ಇವನ್ನ ಪರಿಶೀಲಿಸಿದ ಹೇಳಿಕೆ ಇರಬೇಕು. ಇದು ಷರತ್ತು, ಬ್ಯಾನ್ ಅಲ್ಲ.

"ಅರಣ್ಯನಾಶ ಮಾಡದ" ಅಂದ್ರೆ ಯಾವಾಗಿನಿಂದ? ಅಜ್ಜನ ಕಾಲದಲ್ಲಿ ಕಾಡು ಕಡಿದು ತೋಟ ಮಾಡಿದ್ದರೆ? ವ್ಯಾಖ್ಯೆಯಲ್ಲೇ ಉತ್ತರ ಇದೆ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಕೃಷಿಗೆ ಬಳಸಿದ ಜಮೀನು ಆಗಿರಬಾರದು. ಅದಕ್ಕೂ ಹಿಂದಿನ ತೋಟವನ್ನ ಈ ಷರತ್ತು ಮುಟ್ಟಲ್ಲ.

ಇನ್ನೊಂದು ಪ್ರಶ್ನೆ ನಮ್ಮ ಕಡೆಗೇ ವಿಶೇಷ. ನಮ್ಮ ಕಾಫಿ ನೆರಳಿನಲ್ಲಿ ಬೆಳೆಯೋದು. ಸಿಲ್ವರ್ ಓಕ್, ಹಲಸು, ಅತ್ತಿ ಎಲ್ಲ ತೋಟದೊಳಗೇ ಇರುತ್ತೆ. ಈ ಕಾನೂನಿನಲ್ಲಿ ಅರಣ್ಯ ಅಂದ್ರೆ ಅರ್ಧ ಹೆಕ್ಟೇರಿಗಿಂತ ಹೆಚ್ಚು ಜಾಗ, 5 ಮೀಟರಿಗಿಂತ ಎತ್ತರದ ಮರ, ಶೇ. 10ಕ್ಕಿಂತ ಹೆಚ್ಚು ಮರದ ಹೊದಿಕೆ. ಇಷ್ಟು ಮಾತ್ರ ಓದಿದರೆ ಮಲೆನಾಡಿನ ಕಾಫಿ ತೋಟವೆಲ್ಲ ಅರಣ್ಯವೇ ಅನ್ನಿಸಿಬಿಡುತ್ತೆ! ಆದರೆ ಅದೇ ವ್ಯಾಖ್ಯೆ, ಮುಖ್ಯವಾಗಿ ಕೃಷಿಗೆ ಬಳಸೋ ಜಮೀನನ್ನ ಹೊರಗಿಡುತ್ತೆ. ಅದೇ 2ನೇ ವಿಧಿಯ 6ನೇ ಅಂಶ ಇನ್ನೂ ಸ್ಪಷ್ಟ: ಮರಗಳ ನೆರಳಿನಲ್ಲಿ ಬೆಳೆ ಬೆಳೆಯೋ ಪದ್ಧತಿಯೂ ಕೃಷಿ ತೋಟವೇ, ಅದು ಅರಣ್ಯದ ವ್ಯಾಖ್ಯೆಗೆ ಬರಲ್ಲ. ನೆರಳು ಮರ ಇರೋದು ತಪ್ಪಲ್ಲ. ಈ ಒಂದು ಸಾಲು ಗೊತ್ತಿಲ್ಲದೆ ಯಾರಾದರೂ ಹೆದರಿ ಮರ ಕಡಿಸಿದರೆ ನಷ್ಟ ಎಷ್ಟು ಅಂತ ಯೋಚಿಸಿ.

ಎಂಜಿನಿಯರಿಂಗ್‌ನವರಿಗೆ ಇಷ್ಟವಾಗೋ ಭಾಗ 28ನೇ ಅಂಶ: ಜಮೀನಿನ ಸ್ಥಳ ಗುರುತು. ಅಕ್ಷಾಂಶ ರೇಖಾಂಶವನ್ನ ಕನಿಷ್ಠ ಆರು ದಶಮಾಂಶ ಸ್ಥಾನದವರೆಗೆ ಕೊಡಬೇಕು. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿಲೋಮೀಟರ್. ಅದನ್ನ ಹತ್ತು ಲಕ್ಷದಿಂದ ಭಾಗಿಸಿದರೆ ಸುಮಾರು 11 ಸೆಂಟಿಮೀಟರ್. ನಮ್ಮ ಫೋನಿನ ಜಿಪಿಎಸ್‌ಗೆ ಸಾಮಾನ್ಯವಾಗಿ ಕೆಲವು ಮೀಟರುಗಳ ತಪ್ಪು ಇರುತ್ತೆ. ಅಂದ್ರೆ ಆರು ಅಂಕಿ ಬರೆದ ಮಾತ್ರಕ್ಕೆ 11 ಸೆಂಟಿಮೀಟರ್ ನಿಖರತೆ ಬಂತು ಅಂತ ಅಲ್ಲ. ಕಾನೂನು ಕೇಳಿರೋದು ಅಂಕಿಗಳ ಸಂಖ್ಯೆಯನ್ನ. ನಿಖರತೆಗೂ ರೆಸಲ್ಯೂಷನ್‌ಗೂ ಇರೋ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಜಮೀನು 4 ಹೆಕ್ಟೇರ್, ಅಂದ್ರೆ ಹೆಚ್ಚುಕಮ್ಮಿ 10 ಎಕರೆಗಿಂತ ಹೆಚ್ಚಿದ್ದರೆ ಸುತ್ತಳತೆಯ ಎಲ್ಲ ಮೂಲೆಗಳ ಬಿಂದು ಕೊಟ್ಟು ಬಹುಭುಜ ಮಾಡಬೇಕು. ಅದಕ್ಕಿಂತ ಕಡಿಮೆ ಇದ್ದರೆ ಒಂದೇ ಬಿಂದು ಸಾಕು. ಐದು ಎಕರೆ ಕಾಫಿ ತೋಟದವರಿಗೆ "ಸರ್ವೆ ಮಾಡಿಸಲೇಬೇಕು" ಅಂತ ಯಾರಾದರೂ ಹೇಳಿದರೆ, ಈ ಕಾನೂನಿನಲ್ಲಿ ಅದು ಯಾವ ವಿಧಿಯಲ್ಲಿದೆ ಅಂತ ಕೇಳಬಹುದು.

4. ದಿನಾಂಕ: ಒಂದು ಕಾನೂನು, ಮೂರು ಉತ್ತರ

ಈ ಕಾನೂನು ಜೂನ್ 2023ರಲ್ಲೇ ಅಸ್ತಿತ್ವಕ್ಕೆ ಬಂತು. ಆದರೆ ಅಸ್ತಿತ್ವಕ್ಕೆ ಬರೋದು ಬೇರೆ, ಅನ್ವಯ ಆಗೋದು ಬೇರೆ. ಮೂಲ ಪಠ್ಯದ ಪ್ರಕಾರ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ ಅನ್ವಯ ಆಗಬೇಕಾಗಿದ್ದು 2024ರ ಡಿಸೆಂಬರ್ 30ರಿಂದ. 2024ರ ಕೊನೆಯಲ್ಲಿ 2024/3234 ಅನ್ನೋ ತಿದ್ದುಪಡಿ ಬಂದು ಅದು 2025ರ ಡಿಸೆಂಬರ್ 30ಕ್ಕೆ ಹೋಯಿತು. 2025ರ ಡಿಸೆಂಬರ್‌ನಲ್ಲಿ ಮತ್ತೊಂದು ತಿದ್ದುಪಡಿ ಬಂದು 2026ರ ಡಿಸೆಂಬರ್ 30ಕ್ಕೆ ಹೋಯಿತು. ಸಣ್ಣ ಮತ್ತು ಅತಿ ಸಣ್ಣ ಉದ್ಯಮಗಳಿಗೆ ಇನ್ನೂ ಆರು ತಿಂಗಳು.

ಹಾಗಾಗಿ 2023ರ ಸುದ್ದಿ ಒಂದು ದಿನಾಂಕ ಹೇಳುತ್ತೆ, 2025ರ ಆರಂಭದ ಸುದ್ದಿ ಇನ್ನೊಂದು, ಈಗಿನದ್ದು ಮತ್ತೊಂದು. ಯಾವುದೂ ಸುಳ್ಳಲ್ಲ, ಬರೆದ ದಿನಕ್ಕೆ ಸರಿ. ಚಾಟ್‌ಬಾಟ್ ಕೇಳಿದರೂ ಇದೇ ತೊಂದರೆ ಬರಬಹುದು, ಯಾಕಂದ್ರೆ ಅದು ಹಳೆಯ ಪಠ್ಯ ಓದಿ ಉತ್ತರ ಕೊಡ್ತಿರಬಹುದು. ಅದು ಹೇಳಿದ ವಿಧಿ ಸಂಖ್ಯೆಯನ್ನ ಯೂರ್-ಲೆಕ್ಸ್‌ನಲ್ಲಿ ತೆರೆದು ನೋಡಿ, ಆಮೇಲೆ ನಂಬಿ.

ಮುಖ್ಯ ಕಾನೂನಿನ ಕೆಳಗೆ ಮರಿ ಕಾನೂನುಗಳೂ ಇರುತ್ತವೆ. 2025ರ ಮೇ 22ರ 2025/1093 ಅನ್ನೋದು ದೇಶಗಳನ್ನ ಅಪಾಯದ ಮಟ್ಟದ ಪ್ರಕಾರ ವಿಂಗಡಿಸಿದೆ. ಭಾರತ ಕಡಿಮೆ ಅಪಾಯದ ಪಟ್ಟಿಯಲ್ಲಿದೆ. ಇದರಿಂದ ಕೊಳ್ಳೋ ಕಂಪನಿಗೆ ಪರಿಶೀಲನೆ ಸರಳ, ಅಲ್ಲಿನ ಅಧಿಕಾರಿಗಳ ತಪಾಸಣೆಯ ಕನಿಷ್ಠ ಪ್ರಮಾಣವೂ ಶೇ. 1, ಸಾಮಾನ್ಯ ಅಪಾಯದ ದೇಶಗಳಿಗೆ ಇದು ಶೇ. 3, ಹೆಚ್ಚು ಅಪಾಯದವಕ್ಕೆ ಶೇ. 9. ಆದರೆ ಸ್ಥಳ ಗುರುತು ಕೊಡೋದು ಮಾತ್ರ ತಪ್ಪಲ್ಲ. "ಕಡಿಮೆ ಅಪಾಯ, ಇನ್ನೇನೂ ಬೇಡ" ಅನ್ನೋ ಫಾರ್ವರ್ಡ್ ಕೂಡ ಅರ್ಧ ಸತ್ಯವೇ.

5. ಮಿಡಿಸೌತೆ: ಕಾನೂನು ಡೇಟಾಬೇಸ್ ಆಗಿರುವಾಗ

ಕೆಲವು ಕಾನೂನನ್ನ ಪುಟ ತಿರುವಿ ಓದೋಕೆ ಆಗಲ್ಲ, ಯಾಕಂದ್ರೆ ಅದು ಸಾವಿರಾರು ಅಂಕಿಗಳ ಕೋಷ್ಟಕ. ಕೀಟನಾಶಕದ ಉಳಿಕೆ ಮಿತಿ ಅಂಥದ್ದು. ಮುಖ್ಯ ಕಾನೂನು 2005ರ 396ನೇ ರೆಗ್ಯುಲೇಷನ್. ಅಂಕಿಗಳನ್ನ ನೋಡೋಕೆ ಐರೋಪ್ಯ ಆಯೋಗದ ಪೆಸ್ಟಿಸೈಡ್ಸ್ ಡೇಟಾಬೇಸ್ ಇದೆ. ಬೆಳೆ ಆರಿಸಿ, ಔಷಧಿಯ ಹೆಸರು ಆರಿಸಿ, ಮಿತಿ ಬರುತ್ತೆ. ಗರ್ಕಿನ್ ಅಂತ ಬೇರೆಯೇ ಹೆಸರಿದೆ, ಸೌತೆಕಾಯಿಯ ಅಂಕಿ ನೋಡಿ ಸುಮ್ಮನಾಗಬೇಡಿ. ಔಷಧಿಯನ್ನ ಬ್ರ್ಯಾಂಡ್ ಹೆಸರಿನಲ್ಲಿ ಹುಡುಕಬೇಡಿ. ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿರೋ ರಾಸಾಯನಿಕದ ಹೆಸರು ಬೇಕು.

ಮಿತಿ ಪ್ರತ್ಯೇಕವಾಗಿ ನಿಗದಿ ಆಗದಿದ್ದರೆ 18ನೇ ವಿಧಿಯ ಪ್ರಕಾರ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಒಂದು ಟನ್ ಮಿಡಿಸೌತೆಯಲ್ಲಿ 10 ಮಿಲಿಗ್ರಾಂ, ಅಂದ್ರೆ ಹತ್ತು ಕೋಟಿ ಭಾಗದಲ್ಲಿ ಒಂದು ಭಾಗ. ಅಂಕಿಯ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ, ಆ ಮಿತಿಯನ್ನ ಲ್ಯಾಬ್ ಅಳೆಯಬಲ್ಲ ಕನಿಷ್ಠ ಮಟ್ಟಕ್ಕೇ ಇಟ್ಟಿದ್ದಾರೆ ಅಂತ ಅರ್ಥ.

ಕ್ಲೋರ್‌ಪೈರಿಫಾಸ್ ಉದಾಹರಣೆ ತಗೊಳ್ಳಿ. 2020ರ ಜನವರಿಯಲ್ಲಿ ಒಕ್ಕೂಟ ಅದರ ಅನುಮೋದನೆಯನ್ನ ನವೀಕರಿಸಲಿಲ್ಲ. ಅದೇ ವರ್ಷ ನವೆಂಬರ್‌ನಿಂದ ಉಳಿಕೆ ಮಿತಿಯೂ 0.01ಕ್ಕೆ ಇಳಿಯಿತು. ಒಂದು ಕಡೆ ಅನುಮೋದನೆಯ ಕಾನೂನು, ಇನ್ನೊಂದು ಕಡೆ ಮಿತಿಯ ಕಾನೂನು. ಎರಡನ್ನೂ ನೋಡಬೇಕು.

ಹೋಲಿಕೆಗೆ ಇನ್ನೆರಡು ಕಡೆ ನೋಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳು ಸೇರಿ ನಡೆಸೋ ಕೋಡೆಕ್ಸ್‌ನ ಡೇಟಾಬೇಸ್, ಮತ್ತು ನಮ್ಮ ಎಫ್‌ಎಸ್‌ಎಸ್‌ಎಐ ಮಿತಿಗಳು. ಮೂರೂ ಒಂದೇ ಆಗಿರಬೇಕಿಲ್ಲ. ಸರಕು ಎಲ್ಲಿಗೆ ಹೋಗುತ್ತೋ ಅಲ್ಲಿಯ ಮಿತಿಯೇ ಲೆಕ್ಕಕ್ಕೆ ಬರೋದು.

6. ಹೊಗೆಸೊಪ್ಪು: ಇದು ರಾಷ್ಟ್ರಾತೀತ ಅಲ್ಲ, ಅಂತರರಾಷ್ಟ್ರೀಯ

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ನಡೆಯುತ್ತೆ. "ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದ ಇದೆ, ಬೆಳೆ ನಿಲ್ಲಿಸ್ತಾರೆ" ಅನ್ನೋ ಮಾತು ಆ ಕಡೆ ಹೊಸದಲ್ಲ. ಒಪ್ಪಂದದ ಹೆಸರು ತಂಬಾಕು ನಿಯಂತ್ರಣ ಚೌಕಟ್ಟು ಒಪ್ಪಂದ, 2003ರ ಮೇ 21ರಂದು ಅಂಗೀಕಾರ ಆಯಿತು.

ಇದನ್ನ ನೋಡೋ ಜಾಗ ಯುಎನ್ ಟ್ರೀಟಿ ಕಲೆಕ್ಷನ್. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಳಿ ಇರಿಸಿದ ಒಪ್ಪಂದಗಳೆಲ್ಲ ಅಲ್ಲಿ ಅಧ್ಯಾಯವಾರು ಇವೆ. 9ನೇ ಅಧ್ಯಾಯ ಆರೋಗ್ಯ, ಅದರಲ್ಲಿ 4ನೆಯದು ಇದು. ಅಲ್ಲಿ ಒಂದು ಕೋಷ್ಟಕ ಇರುತ್ತೆ: ದೇಶದ ಹೆಸರು, ಸಹಿ ಹಾಕಿದ ದಿನ, ಸ್ಥಿರೀಕರಿಸಿದ ದಿನ. ಭಾರತ ಸಹಿ ಹಾಕಿದ್ದು 2003ರ ಸೆಪ್ಟೆಂಬರ್ 10, ಸ್ಥಿರೀಕರಿಸಿದ್ದು 2004ರ ಫೆಬ್ರವರಿ 5. ಅಮೆರಿಕದ ಸಾಲಿನಲ್ಲಿ ಸಹಿ ಮಾತ್ರ ಇದೆ, ಸ್ಥಿರೀಕರಣದ ಜಾಗ ಖಾಲಿ. ಸಹಿ ಹಾಕೋದು ಉದ್ದೇಶ, ಸ್ಥಿರೀಕರಣ ಮಾತು ಕೊಟ್ಟ ಹಾಗೆ.

ಈಗ ಪಠ್ಯ ತೆರೆದು 17ನೇ ವಿಧಿ ಓದಿ. ತಂಬಾಕು ಬೆಳೆಗಾರರಿಗೂ ಕಾರ್ಮಿಕರಿಗೂ ಆರ್ಥಿಕವಾಗಿ ಗಿಟ್ಟುವ ಪರ್ಯಾಯಗಳನ್ನ ದೇಶಗಳು ಉತ್ತೇಜಿಸಬೇಕು ಅಂತಿದೆ. 18ನೇ ವಿಧಿ ಬೆಳೆಯುವಾಗ ಪರಿಸರ ಮತ್ತು ಜನರ ಆರೋಗ್ಯ ಕಾಪಾಡೋ ಬಗ್ಗೆ. "ಇಂಥ ವರ್ಷದಿಂದ ಬೆಳೆಯಬಾರದು" ಅನ್ನೋ ವಿಧಿ ಒಪ್ಪಂದದಲ್ಲಿ ಇಲ್ಲ. ಒಪ್ಪಂದದ ಸದಸ್ಯರು ಆಗಾಗ ಸೇರಿ ಮಾರ್ಗಸೂಚಿಗಳನ್ನ ಹೊರಡಿಸ್ತಾರೆ. 2016ರ ನವೆಂಬರ್‌ನ ಸಭೆ ನಮ್ಮ ಗ್ರೇಟರ್ ನೋಯ್ಡಾದಲ್ಲೇ ನಡೆದಿತ್ತು. ಮಾರ್ಗಸೂಚಿ ಬೇರೆ, ಒಪ್ಪಂದ ಬೇರೆ. ಯಾವುದು ಏನು ಹೇಳಿದೆ ಅಂತ ಬೇರೆ ಬೇರೆಯಾಗಿ ಬರೆದುಕೊಳ್ಳಿ.

ಹಾಗಾದರೆ ಎಷ್ಟು ಬೆಳೆಯಬಹುದು ಅಂತ ತೀರ್ಮಾನ ಮಾಡೋದು ಯಾರು? ಅದು ಭಾರತದ ಕಾನೂನು, 1975ರ ತಂಬಾಕು ಮಂಡಳಿ ಕಾಯ್ದೆ. ಸಿಗರೇಟು ಮಾರಾಟ, ಜಾಹೀರಾತಿನ ನಿಯಮ 2003ರ ಕೋಟ್ಪಾ ಕಾಯ್ದೆಯಲ್ಲಿದೆ. ಎರಡೂ ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ತಾಣದಲ್ಲಿ ಸಿಗುತ್ತವೆ. ಇದನ್ನ ತಿಳಿದರೆ ಮನವಿ ಯಾರಿಗೆ ಕೊಡಬೇಕು ಅನ್ನೋದೂ ತಿಳಿಯುತ್ತೆ. ಜಿನೀವಾ ಕಡೆ ಬೈದು ಕೂರೋದಕ್ಕಿಂತ ಅದು ಉಪಯೋಗ.

ಇದರರ್ಥ ಹೊಗೆಸೊಪ್ಪಿಗೆ ಭವಿಷ್ಯ ಭದ್ರ ಅಂತಲ್ಲ. ಒಪ್ಪಂದದ ದಿಕ್ಕು ಸ್ಪಷ್ಟ: ಬಳಕೆ ಕಡಿಮೆ ಆಗಬೇಕು. ಆದರೆ ಪರ್ಯಾಯ ಕೊಡಿ ಅಂತ ಸರ್ಕಾರವನ್ನ ಕೇಳೋಕೆ 17ನೇ ವಿಧಿಯೇ ಬೆಳೆಗಾರರ ಕೈಯಲ್ಲಿರೋ ಆಧಾರ.

7. ಕಾನೂನು ಬರೋ ಮೊದಲೇ ತಿಳಿಯೋದು

ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳು ವ್ಯಾಪಾರಕ್ಕೆ ತಟ್ಟೋ ಹೊಸ ಆಹಾರ ಸುರಕ್ಷತೆ ಮತ್ತು ತಾಂತ್ರಿಕ ನಿಯಮಗಳ ಕರಡನ್ನ ಮೊದಲೇ ಉಳಿದವರಿಗೆ ತಿಳಿಸಬೇಕು. ಈ ಸೂಚನೆಗಳು ಇ-ಪಿಂಗ್ ಅನ್ನೋ ಉಚಿತ ತಾಣದಲ್ಲಿ ಬರುತ್ತವೆ. ಸುಮ್ಮನೆ ಹುಡುಕೋಕೆ ಲಾಗಿನ್ ಬೇಡ. ಹೆಸರು ನೋಂದಾಯಿಸಿ ಬೆಳೆ, ದೇಶ ಆರಿಸಿದರೆ ಇಮೇಲ್ ಕೂಡ ಬರುತ್ತೆ. ಅಭಿಪ್ರಾಯ ಹೇಳೋಕೆ ಸಾಮಾನ್ಯವಾಗಿ 60 ದಿನ ಇರುತ್ತೆ, ಅದು ದೇಶದ ಸರ್ಕಾರದ ಮೂಲಕ ಹೋಗಬೇಕು. ಬೆಳೆಗಾರರ ಸಂಘದವರಿಗೆ ಇದನ್ನ ತೋರಿಸಿಕೊಟ್ಟರೆ ಕಾನೂನು ಬಂದ ಮೇಲೆ ಓಡಾಡೋ ಬದಲು ಮೊದಲೇ ಮಾತಾಡಬಹುದು.

8. ಐದು ಪ್ರಶ್ನೆ, ಮೂರು ಅಭ್ಯಾಸ

ಯಾವುದೇ ಫಾರ್ವರ್ಡ್ ಬಂದರೂ ಈ ಕ್ರಮದಲ್ಲಿ ಕೇಳಿ:

1. ಕಾನೂನಿನ ನಂಬರ್ ಏನು? ನಂಬರ್ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.
2. ಯಾವ ಜಾತಿ? ರೆಗ್ಯುಲೇಷನ್ನಾ, ಡೈರೆಕ್ಟಿವ್ವಾ, ಒಪ್ಪಂದವಾ, ಬರೀ ಮಾರ್ಗಸೂಚಿಯಾ, ಕರಡಾ?
3. ಯಾವ ದಿನಾಂಕದ ಆವೃತ್ತಿ? ಯಾವತ್ತಿನಿಂದ ಅನ್ವಯ?
4. ಹೊಣೆ ಯಾರ ಮೇಲೆ? ಬೆಳೆಗಾರರ ಮೇಲಾ, ಕೊಳ್ಳೋರ ಮೇಲಾ, ಸರ್ಕಾರದ ಮೇಲಾ?
5. ಆ ಪದದ ವ್ಯಾಖ್ಯೆ ಏನು?

ಈಗ ಅಭ್ಯಾಸ. ಇಂಟರ್ನಲ್ಸ್ ಮುಗಿದ ಮೇಲೆ ಒಂದು ಗಂಟೆ ಸಾಕು.

ಒಂದು: 2023/1115ರ ಮೂಲ ಪಠ್ಯದ ಅನುಬಂಧ 1ರಲ್ಲಿ ಕಾಫಿಯ ಮುಂದೆ 0901 ಅನ್ನೋ ಕೋಡ್ ಮಾತ್ರ ಇದೆ. ಇನ್‌ಸ್ಟಂಟ್ ಕಾಫಿಯ ಕೋಡ್ 2101ರಲ್ಲಿ ಬರುತ್ತೆ. ಇವತ್ತಿನ ಕ್ರೋಡೀಕೃತ ಆವೃತ್ತಿಯಲ್ಲಿ ಅನುಬಂಧ ಹೇಗಿದೆ ನೋಡಿ.

ಎರಡು: ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರೋ ಒಂದು ಔಷಧಿ ಡಬ್ಬಿಯ ರಾಸಾಯನಿಕದ ಹೆಸರು ಬರೆದುಕೊಂಡು, ಒಂದು ತರಕಾರಿಗೆ ಅದರ ಮಿತಿಯನ್ನ ಒಕ್ಕೂಟದ ಡೇಟಾಬೇಸ್‌ನಲ್ಲೂ ಕೋಡೆಕ್ಸ್‌ನಲ್ಲೂ ಹುಡುಕಿ. ಎರಡು ಅಂಕಿಗಳ ಅನುಪಾತ ಲೆಕ್ಕ ಹಾಕಿ.

ಮೂರು: ನಿಮ್ಮ ಫೋನಿನಲ್ಲಿ ಒಂದೇ ಜಾಗದಲ್ಲಿ ನಿಂತು ಹತ್ತು ಸಲ ಅಕ್ಷಾಂಶ ರೇಖಾಂಶ ದಾಖಲಿಸಿ. ಆರನೇ ದಶಮಾಂಶ ಎಷ್ಟು ಅಲ್ಲಾಡುತ್ತೆ ನೋಡಿ.

ಕಾನೂನಿನ ಅರ್ಥ ಬಿಡಿಸೋಕೆ ವಕೀಲರು ಬೇಕು, ಕಾಫಿ ಮಂಡಳಿ, ತಂಬಾಕು ಮಂಡಳಿಯ ಅಧಿಕಾರಿಗಳು ಬೇಕು. ಆದರೆ ಅವರ ಹತ್ತಿರ ಹೋಗುವಾಗ ಕೈಯಲ್ಲಿ ಫಾರ್ವರ್ಡ್ ಬದಲು ನಂಬರು, ವಿಧಿ, ದಿನಾಂಕ ಇದ್ದರೆ ಮಾತೇ ಬೇರೆ ಆಗುತ್ತೆ. ಆ ಮೂರನ್ನ ಒಂದು ಚೀಟಿಯಲ್ಲಿ ಬರೆದು, ಕನ್ನಡದಲ್ಲಿ ಎರಡು ಸಾಲು ಅರ್ಥ ಬರೆದು ಮನೆಯವರ ಕೈಗೆ ಕೊಡಿ. 24 ಭಾಷೆಯಲ್ಲಿ ಇರೋ ಕಾನೂನು ಕನ್ನಡದಲ್ಲಿ ಇಲ್ಲ. ಆ ಎರಡು ಸಾಲನ್ನ ನಾವೇ ಬರೆಯಬೇಕು.